ಸರ್ಜನ್ ಕೈ ಹೋದರೂ ಕ್ಲೇಮ್ ಇಲ್ಲವಂತೆ. ವಕೀಲರು ಬೇಕಾ, ಬೇಡವಾ?

ಗುಡ್ಡದ ಮನೆ, ಶಿರಸಿ (ನವೆಂಬರ್ 6)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಓದಿಕೊಂಡು ಸುಮ್ನೆ ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕಾಗಿದೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಯಜಮಾನರು ಕಿವಿ-ಮೂಗು-ಗಂಟಲು ಸರ್ಜನ್. 49 ವರ್ಷ. ಪೇಟೆಯಲ್ಲೇ ಸ್ವಂತ ಕ್ಲಿನಿಕ್. ಈ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡರು, ಮತ್ತೆ ಬಿತ್ತು. ಮೂರನೇ ಸಲ ಎತ್ತಲು ಹೋಗಲಿಲ್ಲ. "ಗಂಟೆ ಎಷ್ಟು ನೋಡು, ಬರೆದಿಡು" ಅಂದರು. 6.40. ಡಾಕ್ಟರ್ ಅಲ್ವಾ, ಆಗುತ್ತಿರುವುದು ಸ್ಟ್ರೋಕ್ ಅಂತ ಅವರಿಗೇ ಗೊತ್ತಾಗಿತ್ತು. ಗಡ್ಡೆ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ತಾಸಿನೊಳಗೆ ಸಿಗಬೇಕು. ನಮ್ಮ ಜಿಲ್ಲೆಯ ಕಥೆ ನಿಮಗೆ ಗೊತ್ತೇ ಇದೆ. ಹುಬ್ಬಳ್ಳಿ ಕಡೆ ಓಡಿದೆವು. ಸಮಯಕ್ಕೆ ಮುಟ್ಟಿದೆವು. ಜೀವ ಉಳಿಯಿತು, ಮಾತು ಉಳಿಯಿತು, ನಡಿಗೆ ತಿಂಗಳೊಳಗೆ ವಾಪಸ್ ಬಂತು. ಬಲಗೈ ಮಾತ್ರ ಪೂರ್ತಿ ಬರಲಿಲ್ಲ.

ಲೋಟ ಹಿಡಿಯುತ್ತಾರೆ. ತಾವೇ ಊಟ ಮಾಡುತ್ತಾರೆ. ಅಂಗಿಯ ಗುಂಡಿ ಹಾಕಲು ನಾನು ಬೇಕು. ಸಂಜೆಯಾದರೆ ಕಿಟಕಿ ಸರಳಿಗೆ ಬಿಳಿ ದಾರ ಸುತ್ತಿ ಗಂಟು ಹಾಕುತ್ತಾ ಕೂರುತ್ತಾರೆ. ಮೆಡಿಕಲ್ ಕಾಲೇಜಿನಲ್ಲಿ ಹೊಲಿಗೆ ಕಲಿಯುವಾಗ ಹೀಗೇ ಅಭ್ಯಾಸ ಮಾಡುತ್ತಿದ್ದರಂತೆ. ನಾನು ಒಳಗೆ ಬಂದರೆ ದಾರ ಮುದುಡಿ ಕಿಸೆಗೆ ಹಾಕಿಕೊಳ್ಳುತ್ತಾರೆ. ಮೈಕ್ರೋಸ್ಕೋಪ್ ಕೆಳಗೆ ಕಿವಿಯ ಆಪರೇಷನ್ ಮಾಡುತ್ತಿದ್ದ ಕೈ ಅದು.

ಎರಡು ಪಾಲಿಸಿ ಇದ್ದವು. ಕ್ರಿಟಿಕಲ್ ಇಲ್‌ನೆಸ್, ಅಂದರೆ ದೊಡ್ಡ ಕಾಯಿಲೆ ಬಂದರೆ ಹಣ ಕೊಡುವುದು, 25 ಲಕ್ಷ; ಪರ್ಸನಲ್ ಆಕ್ಸಿಡೆಂಟ್ 50 ಲಕ್ಷ. ಅಕ್ಟೋಬರ್ ಕೊನೆಗೆ ಎರಡೂ ರಿಜೆಕ್ಟ್ ಆದವು. ಕ್ರಿಟಿಕಲ್ ಇಲ್‌ನೆಸ್‌ಗೆ ಮೂರು ಕಾರಣ ಬರೆದಿದ್ದಾರೆ. ಒಂದು, ಶಾಶ್ವತ ದೋಷ ಉಳಿದಿಲ್ಲ, ಡಿಸ್ಚಾರ್ಜ್ ಸಮ್ಮರಿಯಲ್ಲೇ "ಬಲಗೈ ಬಲ 5ಕ್ಕೆ 4 ಪ್ಲಸ್, ದಿನದ ಕೆಲಸಗಳಲ್ಲಿ ಸ್ವತಂತ್ರ" ಎಂದಿದೆ. ಎರಡು, ಅವರು ಕ್ಲಿನಿಕ್ ನಡೆಸುತ್ತಿದ್ದಾರೆ. ಮೂರು, ಬಿಪಿ ಇದ್ದದ್ದನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದಾರೆ.

ಎರಡನೇ ಕಾರಣಕ್ಕೆ ಸಾಕ್ಷಿ ಏನು ಗೊತ್ತೇ? ಸೆಪ್ಟೆಂಬರಿನಲ್ಲಿ ಒಬ್ಬ ಕಿವಿ ನೋವು ಅಂತ ಬಂದಿದ್ದ. ನಮ್ಮವರು ನೋಡಿ ಡ್ರಾಪ್ಸ್ ಬರೆದು ಕೊಟ್ಟರು, ಎಡಗೈಯಲ್ಲಿ ಸಹಿ ಹಾಕಿದರು. ಅವನು ಕಂಪನಿ ಕಳಿಸಿದ ತನಿಖೆಯವನು! ಆ ಚೀಟಿ ಮತ್ತು ಕ್ಲಿನಿಕ್ಕಿನ ಬೋರ್ಡಿನ ಫೋಟೋ ಫೈಲಿನಲ್ಲಿದೆ. ಬೋರ್ಡಿನಲ್ಲಿ ಇನ್ನೂ ಹಳೇ ಸಮಯವೇ ಇದೆ, ಬೆಳಿಗ್ಗೆ 10ರಿಂದ 1, ಸಂಜೆ 4ರಿಂದ 8. ಬದಲಾಯಿಸಲು ಇವರು ಒಪ್ಪಲಿಲ್ಲ.

ಈಗ ಒಬ್ಬ ದಿನಾ ಫೋನ್ ಮಾಡುತ್ತಾನೆ. "ಮೇಡಂ, ಕ್ಲೇಮ್ ಮಾಡಿಸಿಕೊಡುತ್ತೇವೆ, ಬಂದದ್ದರಲ್ಲಿ 15 ಪರ್ಸೆಂಟ್ ನಮಗೆ, ಈಗ ಫೈಲ್ ಖರ್ಚಿಗೆ 8 ಸಾವಿರ ಹಾಕಿ." ಕಾರವಾರದ ವಕೀಲರನ್ನು ಹಿಡಿಯಲೇ? ಬೆಂಗಳೂರಿಗೆ ಹೋಗಲೇ? ಇವನಿಗೇ ಕೊಟ್ಟುಬಿಡಲೇ? ತಲೆ ಕೆಟ್ಟಿದೆ.

ಅಂಕೋಲೆ ಮಾಸ್ತರ (ನವೆಂಬರ್ 6)

ಅಕ್ಕಾ, ಮೊದಲು ಆ 8 ಸಾವಿರ ಹಾಕಬೇಡಿ. ಉಳಿದದ್ದು ಆಮೇಲೆ. ನಮ್ಮ ಷಡ್ಡಕನಿಗೆ ಹೀಗೇ ಒಬ್ಬ ಗಂಟು ಬಿದ್ದಿದ್ದ. ದುಡ್ಡು ಮುಟ್ಟಿದ ಮೇಲೆ ಫೋನೇ ಸ್ವಿಚ್ ಆಫ್.

ಹಳೇ ಏಜೆಂಟ್, ಕುಮಟಾ (ನವೆಂಬರ್ 6)

ನಾನು 26 ವರ್ಷ ವಿಮೆ ಏಜೆಂಟ್ ಆಗಿದ್ದವನು, ಈಗ ಬಿಟ್ಟಿದ್ದೇನೆ. ಅದಕ್ಕೇ ನೇರವಾಗಿ ಹೇಳುತ್ತೇನೆ ತಂಗಿ. ಆಕ್ಸಿಡೆಂಟ್ ಪಾಲಿಸಿಯ ಆಸೆ ಬಿಡಿ. ಅದರಲ್ಲಿ ಕೈ ಹೋದರೆ ಇಷ್ಟು, ಕಾಲು ಹೋದರೆ ಇಷ್ಟು ಅಂತ ಪಟ್ಟಿ ಇರುತ್ತದೆ, ನಿಜ. ಆದರೆ ಅಪಘಾತದಿಂದ ಹೋಗಬೇಕು. ಕಾಯಿಲೆಯಿಂದ ಹೋದ ಕೈಗೆ ಅದು ಒಂದು ಪೈಸೆ ಕೊಡುವುದಿಲ್ಲ. ಇದು ಮೋಸ ಅಲ್ಲ, ಪಾಲಿಸಿ ಇರುವುದೇ ಹಾಗೆ. ಮಾರುವಾಗ ನಾವು ಇದನ್ನು ಬಿಡಿಸಿ ಹೇಳುವುದಿಲ್ಲ ಎನ್ನುವುದು ಬೇರೆ ಮಾತು.

ಜೀವವಿಮೆಯ ಜೊತೆ ಬರುವ ಆಕ್ಸಿಡೆಂಟ್ ಡಿಸೆಬಿಲಿಟಿಯ ಷರತ್ತು ಇನ್ನೂ ಬಿಗಿ. ಯಾವ ಕೆಲಸ, ಯಾವ ಉದ್ಯೋಗವನ್ನೂ ಮಾಡಿ ಸಂಪಾದಿಸಲು ಆಗದಂಥ ಸ್ಥಿತಿ ಇರಬೇಕು ಎನ್ನುತ್ತದೆ. ಸರ್ಜನ್‌ಗೆ ಸರ್ಜರಿ ಆಗದಿದ್ದರೆ ಸಾಲದು. ಅವನು ಪಾಠ ಹೇಳಬಹುದು, ಅಂಗಡಿಯಲ್ಲಿ ಕೂರಬಹುದು ಎಂದುಬಿಡುತ್ತಾರೆ.

ಕ್ರಿಟಿಕಲ್ ಇಲ್‌ನೆಸ್ ಬೇರೆ ಜಾತಿ. ಅದನ್ನು ಬಿಡಬೇಡಿ. ಮತ್ತೊಂದು, ಕ್ಲಿನಿಕ್ಕಿನ ಮಶೀನಿಗೆ ಬ್ಯಾಂಕ್ ಸಾಲ ಮಾಡಿದ್ದೀರಾ? ಮಾಡಿದ್ದರೆ ಆ ಫೈಲ್ ತೆಗೆದು ನೋಡಿ. ಸಾಲ ಕೊಡುವಾಗ ಒಂದು ವಿಮೆಯನ್ನೂ ಜೊತೆಗೆ ಹಾಕುವುದು ಮಾಮೂಲು.

ಯಲ್ಲಾಪುರ ಪ್ಯಾಟೆ (ನವೆಂಬರ್ 7)

ಕೇಳಿದರೆ ಕೋಪ ಬರಬಹುದು, ಆದರೂ ಹೇಳುತ್ತೇನೆ. ಕ್ಲಿನಿಕ್ ನಡೆಯುತ್ತಿದೆ, ರೋಗಿಗಳನ್ನು ನೋಡುತ್ತಿದ್ದಾರೆ, ಫೀಸೂ ಬರುತ್ತಿದೆ. ಅದರ ಮೇಲೆ 25 ಲಕ್ಷವೂ ಬೇಕು ಅಂದರೆ ಕಂಪನಿ ಪ್ರಶ್ನೆ ಕೇಳದೆ ಇರುತ್ತದಾ? ಅಡಿಕೆ ಕೊನೆ ಕೊಯ್ಯುವವನು ಮರದಿಂದ ಬಿದ್ದು ಸೊಂಟ ಮುರಿದುಕೊಂಡರೆ ಕೇಳುವವರಿಲ್ಲ ಇಲ್ಲಿ.

ಗುಡ್ಡದ ಮನೆ, ಶಿರಸಿ (ನವೆಂಬರ್ 7)

ಕೋಪ ಬಂತು, ಸುಳ್ಳು ಹೇಳುವುದಿಲ್ಲ. ವಾರಕ್ಕೆ ಮೂರು ದಿನ, ಎರಡೆರಡು ತಾಸು ಕೂರುತ್ತಾರೆ. ಶೀತ, ಕೆಮ್ಮು, ಕಿವಿ ಗುಗ್ಗೆ. ಗುಗ್ಗೆಯನ್ನೂ ಈಗ ನರ್ಸ್ ತೆಗೆಯುತ್ತಾಳೆ. ಮೇ ತಿಂಗಳಿಂದ ಒಂದೂ ಆಪರೇಷನ್ ಇಲ್ಲ. ಮಶೀನಿನ ಕಂತು ನಿಂತಿಲ್ಲ. "ಡಾಕ್ಟರಿಗೇ ಲಕ್ವ ಹೊಡೆದಿದೆ" ಅಂತ ಊರಲ್ಲಿ ಮಾತು ಹಬ್ಬಿದರೆ ಆ ಮೂರು ದಿನವೂ ಹೋಗುತ್ತದೆ ಎನ್ನುವುದು ಇವರ ಹೆದರಿಕೆ. ಅದಕ್ಕೇ ಬೋರ್ಡ್ ಹಾಗೇ ಇದೆ.

ಕೊನೆ ಕೊಯ್ಯುವವರ ಬಗ್ಗೆ ನೀವು ಹೇಳಿದ್ದು ಸರಿ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಕಾಳಿ ದಂಡೆ, ಕಾರವಾರ (ನವೆಂಬರ್ 7)

ನಾನು ಕಾರವಾರದಲ್ಲಿ ವಕೀಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕೇಸ್ ಹುಡುಕಲು ಬಂದವನಲ್ಲ. ನಾವು ಜಾಹೀರಾತು ಕೊಡುವ ಹಾಗಿಲ್ಲ, ದಯವಿಟ್ಟು ನಂಬರ್ ಕೇಳಬೇಡಿ. ಹಾಗೆಯೇ ಬಂದ ಹಣದಲ್ಲಿ ಪಾಲು ಅಂತ ಫೀಸ್ ಮಾತಾಡುವುದಕ್ಕೂ ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶ ಇಲ್ಲ. ಆ 15 ಪರ್ಸೆಂಟಿನವನು ವಕೀಲ ಎಂದು ಹೇಳಿಕೊಂಡರೆ ಅಲ್ಲೇ ಫೋನ್ ಇಡಿ.

ಈಗ ವಿಷಯ. ಮೇಡಂ, ಪಾಲಿಸಿ ಪುಸ್ತಕದಲ್ಲಿ ಸ್ಟ್ರೋಕ್ ವ್ಯಾಖ್ಯೆ ಇರುವ ಪುಟ ತೆಗೆಯಿರಿ. ಯಾವ ಕಂಪನಿಯದಾದರೂ ಅದು ಹೆಚ್ಚುಕಡಿಮೆ ಒಂದೇ. ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ವಿಮಾ ಪ್ರಾಧಿಕಾರ ಎಲ್ಲರಿಗೂ ಒಂದೇ ವ್ಯಾಖ್ಯೆ ಕೊಟ್ಟಿದೆ. ಅದು ಕೇಳುವುದು ಇಷ್ಟು: ಸ್ಟ್ರೋಕ್ ಆಗಿದೆ ಎಂದು ತಜ್ಞ ವೈದ್ಯರು ಹೇಳಬೇಕು, ಸಿಟಿ ಅಥವಾ ಎಂಆರ್‌ಐನಲ್ಲಿ ಕಾಣಬೇಕು, ನರದ ದೋಷ ಕಡಿಮೆ ಎಂದರೆ 3 ತಿಂಗಳು ಉಳಿದು ಶಾಶ್ವತ ಎಂದು ತೋರಬೇಕು. ಕೆಲ ಹೊತ್ತಿನಲ್ಲೇ ಸರಿಹೋಗುವ ಸಣ್ಣ ಸ್ಟ್ರೋಕ್ ಬರುವುದಿಲ್ಲ. ಅಷ್ಟೇ. ದುಡಿಯಬಾರದು ಎಂದು ಎಲ್ಲಾದರೂ ಇದೆಯಾ? ಹುಡುಕಿ. ನನಗೆ ಗೊತ್ತಿದ್ದ ಮಟ್ಟಿಗೆ ಇರುವುದಿಲ್ಲ. ಯಲ್ಲಾಪುರದವರು ಕೇಳಿದ ಪ್ರಶ್ನೆ ಆದಾಯ ಕೊಡುವ ವಿಮೆಗೆ ಸರಿ. ಇದು ಇಂಥ ಕಾಯಿಲೆ ಬಂದರೆ ಇಷ್ಟು ಎಂದು ಇಡುಗಂಟಾಗಿ ಕೊಡುವ ಪಾಲಿಸಿ. ಅವರು ನಾಳೆ ಹೋಟೆಲ್ ತೆರೆದರೂ ಕಂಪನಿಗೆ ಸಂಬಂಧ ಇಲ್ಲ. ಬೋರ್ಡಿನ ಫೋಟೋ ನೋಡಿ ನೀವು ಹೆದರಿದಿರಿ. ಹೆದರಿಸಲೆಂದೇ ಅದನ್ನು ಹಾಕಿದ್ದು.

ಕಷ್ಟ ಇರುವುದು ಒಂದನೇ ಕಾರಣದಲ್ಲಿ. "4 ಪ್ಲಸ್", "ಸ್ವತಂತ್ರ" ಎನ್ನುವ ಎರಡು ಪದ. ಅದನ್ನು ಒಡೆಯಬೇಕು.

ಬಿಪಿ ಬಗ್ಗೆ ಎರಡು ಪ್ರಶ್ನೆ. ಪಾಲಿಸಿ ಮೊದಲು ಮಾಡಿಸಿದ್ದು ಯಾವಾಗ? ಬಿಪಿ ಇತ್ತು ಎಂದು ಅವರು ಯಾವ ಕಾಗದ ನೋಡಿ ಹೇಳುತ್ತಾರೆ?

ಗುಡ್ಡದ ಮನೆ, ಶಿರಸಿ (ನವೆಂಬರ್ 8)

ವಕೀಲರೇ, ವ್ಯಾಖ್ಯೆ ನೀವು ಹೇಳಿದ ಹಾಗೇ ಇದೆ. ದುಡಿಮೆಯ ಮಾತೇ ಇಲ್ಲ. ನಿನ್ನೆ ರಾತ್ರಿ ಎರಡು ಸಲ ಓದಿದೆ.

ಬಿಪಿ ಬಂದಿರುವುದು ಡಿಸ್ಚಾರ್ಜ್ ಸಮ್ಮರಿಯಿಂದ. "ಐದು ವರ್ಷದಿಂದ ಬಿಪಿ ಇದೆ" ಅಂತ ಒಂದು ಸಾಲು. ಇವರು ಮಾತ್ರೆ ಶುರು ಮಾಡಿದ್ದೇ 2024ರಲ್ಲಿ. ಆ ಗಡಿಬಿಡಿಯಲ್ಲಿ ಡ್ಯೂಟಿಯಲ್ಲಿದ್ದ ಹುಡುಗ ಯಾರನ್ನು ಕೇಳಿ ಬರೆದನೋ. ನಾನಂತೂ ಹೇಳಿಲ್ಲ. ಇವರಿಗೆ ಆಗ ಮಾತು ತೊದಲುತ್ತಿತ್ತು. "ಒಂದು ವರ್ಷ" ಅಂದದ್ದು ಹೇಗೆ ಕೇಳಿಸಿತೋ ಏನೋ.

ಪಾಲಿಸಿ 2023ರದ್ದು.

ಹಳೇ ಏಜೆಂಟ್, ಕುಮಟಾ (ನವೆಂಬರ್ 8)

2023ರಲ್ಲಿ ಹೊಸದಾಗಿ ಮಾಡಿಸಿದ್ದಾ, ಹಳೆಯದನ್ನು ದೊಡ್ಡದು ಮಾಡಿದ್ದಾ? ಇದರ ಮೇಲೆ ಲಕ್ಷಗಟ್ಟಲೆ ನಿಂತಿದೆ. ಹಳೇ ರಿನ್ಯೂವಲ್ ರಸೀದಿ ಹುಡುಕಿ. ಇಮೇಲ್‌ನಲ್ಲಿ ಇರುತ್ತದೆ.

ಗುಡ್ಡದ ಮನೆ, ಶಿರಸಿ (ನವೆಂಬರ್ 9)

ಸಿಕ್ಕಿತು! ಮೊದಲ ಪಾಲಿಸಿ 2020ರ ಫೆಬ್ರವರಿಯದು, 15 ಲಕ್ಷದ್ದು. 2023ರಲ್ಲಿ 25 ಲಕ್ಷಕ್ಕೆ ಏರಿಸಿದ್ದು. ನಾನು ನೋಡಿದ್ದು ಕೊನೆಯ ಕಾಗದ ಮಾತ್ರ. 2022ರಲ್ಲಿ ಮಾತ್ರ ಕಂತು 12 ದಿನ ತಡವಾಗಿದೆ.

ಇನ್ನೊಂದು. ಏಜೆಂಟ್ ಅಣ್ಣ ಹೇಳಿದ ಹಾಗೆ ಬ್ಯಾಂಕಿನ ಫೈಲ್ ತೆಗೆದೆ. ಗುಲಾಬಿ ಬಣ್ಣದ ಫೈಲಿನ ತಳದಲ್ಲಿ ಒಂದು ಕಾಗದ, "ವಿಮಾ ಪ್ರಮಾಣಪತ್ರ". ಮೈಕ್ರೋಸ್ಕೋಪ್ ಸಾಲದಲ್ಲೇ 18,400 ರೂಪಾಯಿ ಪ್ರೀಮಿಯಂ ಮುರಿದುಕೊಂಡಿದ್ದಾರೆ. ಕಾಯಿಲೆಗಳ ಪಟ್ಟಿಯಲ್ಲಿ ಸ್ಟ್ರೋಕ್ ಇದೆ. ಆರು ತಿಂಗಳಿಂದ ನಾವು ಸಾಲ ಮಾಡಿ ಸಾಲದ ಕಂತು ಕಟ್ಟುತ್ತಿದ್ದೇವೆ. ಈ ಕಾಗದ ಬೀರುವಿನಲ್ಲೇ ಇತ್ತು.

ಕಾಳಿ ದಂಡೆ, ಕಾರವಾರ (ನವೆಂಬರ್ 9)

ಮೇಡಂ, ನಿಮ್ಮ ಕೇಸ್ ಈಗ ಬೇರೆಯೇ ಆಯಿತು. ನಿಧಾನವಾಗಿ ಬರೆಯುತ್ತೇನೆ.

ಆರೋಗ್ಯ ವಿಮೆಯಲ್ಲಿ ಮೊರಟೋರಿಯಂ ಅಂತ ಒಂದು ನಿಯಮ ಇದೆ. ಪಾಲಿಸಿ ಕಡಿಯದೆ 60 ತಿಂಗಳು ನಡೆದರೆ, ಆಮೇಲೆ "ನೀವು ಹೇಳಿರಲಿಲ್ಲ" ಎನ್ನುವ ಕಾರಣಕ್ಕೆ ಕ್ಲೇಮ್ ನಿರಾಕರಿಸುವ ಹಾಗಿಲ್ಲ. ವಂಚನೆ ಎಂದು ಸಾಬೀತು ಮಾಡಿದರೆ ಮಾತ್ರ. ಮೊದಲು ಇದು 8 ವರ್ಷ ಇತ್ತು, 2024ರಲ್ಲಿ 5 ವರ್ಷಕ್ಕೆ ಇಳಿಸಿದರು. ಜೀವವಿಮೆಗೆ ಬೇರೆ ಲೆಕ್ಕ, 1938ರ ವಿಮಾ ಕಾಯ್ದೆಯ 45ನೇ ಕಲಂ, ಅಲ್ಲಿ 3 ವರ್ಷ. ನಿಮ್ಮದು ಆರೋಗ್ಯ ವಿಮೆ. 2020 ಫೆಬ್ರವರಿಯಿಂದ 2025 ಮೇವರೆಗೆ 63 ತಿಂಗಳು. 12 ದಿನದ ತಡ, ತಡವಾಗಿ ಕಟ್ಟಲು ಬಿಡುವ 30 ದಿನದ ಗ್ರೇಸ್ ಒಳಗೇ ಇದೆ, ಸರಪಳಿ ಕಡಿದಿಲ್ಲ.

ಆದರೆ ಪೂರ್ತಿ ಖುಷಿ ಬೇಡ. ಈ ರಕ್ಷಣೆ ಮೊದಲಿನ 15 ಲಕ್ಷಕ್ಕೆ. ಏರಿಸಿದ 10 ಲಕ್ಷಕ್ಕೆ ಏರಿಸಿದ ದಿನದಿಂದ ಮತ್ತೆ 60 ತಿಂಗಳು ಎಣಿಸುತ್ತಾರೆ. ಅದು ಆಗಿಲ್ಲ. ಆ 10 ಲಕ್ಷಕ್ಕೆ ಬಿಪಿ ವಿಷಯ ಎದುರಿಸಲೇಬೇಕು.

ಒಂದು ತಮಾಷೆ ನೋಡಿ. 2025ರ ಮೇನಲ್ಲಿ "ಐದು ವರ್ಷದಿಂದ" ಎಂದರೆ 2020ರ ಮೇ. ಪಾಲಿಸಿ 2020ರ ಫೆಬ್ರವರಿ. ಅವರ ಸಾಲನ್ನೇ ನಂಬಿದರೂ ಮೊದಲ ಪಾಲಿಸಿ ಮಾಡಿಸುವಾಗ ಬಿಪಿ ಇರಲಿಲ್ಲ! ಪತ್ರ ಬರೆದವರು ಬೆರಳಲ್ಲಿ ಎಣಿಸಿಲ್ಲ.

2023ರಲ್ಲಿ ಏರಿಸುವಾಗ ಕಂಪನಿಯಿಂದ ಯಾರಾದರೂ ಬಂದು ರಕ್ತ, ಬಿಪಿ ನೋಡಿದ್ದರಾ?

ಗುಡ್ಡದ ಮನೆ, ಶಿರಸಿ (ನವೆಂಬರ್ 9)

ಬಂದಿದ್ದರು. ಒಬ್ಬ ಹುಡುಗ ಬೈಕಿನಲ್ಲಿ ಬಂದು ಕ್ಲಿನಿಕ್ಕಿನಲ್ಲೇ ರಕ್ತ ತೆಗೆದುಕೊಂಡು ಹೋದ. ಬಿಪಿಯನ್ನೂ ನೋಡಿ ಬರೆದುಕೊಂಡ. ನಮಗೆ ರಿಪೋರ್ಟ್ ಕೊಟ್ಟಿಲ್ಲ.

ಕಾಳಿ ದಂಡೆ, ಕಾರವಾರ (ನವೆಂಬರ್ 9)

ಅದನ್ನೇ ಲಿಖಿತವಾಗಿ ಕೇಳಿ. ಅವರೇ ಪರೀಕ್ಷೆ ಮಾಡಿ, ನಾರ್ಮಲ್ ಎಂದು ನೋಡಿ, ಜಾಸ್ತಿ ಪ್ರೀಮಿಯಂ ತೆಗೆದುಕೊಂಡಿದ್ದಾರೆ. 2021ರ ಮನಮೋಹನ್ ನಂದಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ಧಾಟಿಯಲ್ಲಿ. ಪಾಲಿಸಿ ಕೊಡುವ ಮೊದಲು ಆರೋಗ್ಯ ನೋಡಿ ತಿಳಿದು ಕೊಟ್ಟ ಮೇಲೆ, ಗೊತ್ತಿದ್ದ ಕಾಯಿಲೆಯ ನೆಪದಲ್ಲಿ ಹಿಂದೆ ಸರಿಯಬಾರದು. ಇನ್ನೊಂದು ಬದಿಯೂ ಇದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. 2009ರ ಸತ್ವಂತ್ ಕೌರ್ ಸಂಧು ಕೇಸಿನಲ್ಲಿ ಮೂತ್ರಪಿಂಡದ ಕಾಯಿಲೆ ಹೇಳದೆ ಇದ್ದದ್ದಕ್ಕೆ ಅದೇ ಕೋರ್ಟ್ ಕಂಪನಿ ಪರ ನಿಂತಿತು. ನಿಮ್ಮವರು ನಿಜವಾಗಿ 2024ಕ್ಕೆ ಮೊದಲು ಮಾತ್ರೆ ತಗೊಂಡಿಲ್ಲ ತಾನೆ? ಡಾಕ್ಟರುಗಳು ಸ್ಯಾಂಪಲ್ ಮಾತ್ರೆ ನುಂಗಿ ಯಾರಿಗೂ ಹೇಳದೆ ಇರುತ್ತಾರೆ, ಅದಕ್ಕೆ ಕೇಳಿದೆ.

ಗುಡ್ಡದ ಮನೆ, ಶಿರಸಿ (ನವೆಂಬರ್ 10)

ಕೇಳಿದೆ. ನನ್ನ ಮುಖ ನೋಡಿ ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ಇಲ್ಲ ಮಾರಾಯ್ತಿ, ನೋಡಿಕೊಂಡೇ ಇರಲಿಲ್ಲ" ಅಂದರು. ಊರಿನವರ ಬಿಪಿ ಎಲ್ಲ ನೋಡಿದವರು! ನಂಬುತ್ತೇನೆ.

ಫಿಸಿಯೋ, ಹೊನ್ನಾವರ (ನವೆಂಬರ್ 10)

ಒಂದನೇ ಕಾರಣದ ಬಗ್ಗೆ ನಾನು ಹೇಳಬಹುದು, ದಿನಾ ಇಂಥ ಕೈಗಳನ್ನೇ ನೋಡುವವಳು.

"5ಕ್ಕೆ 4 ಪ್ಲಸ್" ಎನ್ನುವುದು ಬಲದ ಅಳತೆ. ರೋಗಿ ಕೈ ಚಾಚುತ್ತಾರೆ, ಡಾಕ್ಟರ್ ಅದನ್ನು ದೂಡುತ್ತಾರೆ, ಎಷ್ಟು ತಡೆಯುತ್ತದೆ ನೋಡುತ್ತಾರೆ. ಬೆರಳಿನ ನಾಜೂಕು ಅದರಲ್ಲಿ ಗೊತ್ತಾಗುವುದೇ ಇಲ್ಲ. ಬಾಗಿಲು ದೂಡುವುದು ಬೇರೆ, ಮಲ್ಲಿಗೆ ಕಟ್ಟುವುದು ಬೇರೆ ಅಲ್ವಾ? ಇನ್ನೊಂದು, ಡಿಸ್ಚಾರ್ಜ್ ಹೊತ್ತಿಗೆ ನಾವೆಲ್ಲ "ಚೆನ್ನಾಗಿ ಸುಧಾರಿಸುತ್ತಿದ್ದಾರೆ" ಅಂತ ಬರೆಯುತ್ತೇವೆ. ಅರ್ಧ ಅದು ರೋಗಿಗೆ ಧೈರ್ಯ ಬರಲಿ ಅಂತ. ಆ ಸಾಲು ಕಂಪನಿಯ ಕೈಗೆ ಸಿಕ್ಕರೆ ಹೀಗಾಗುತ್ತದೆ. ಅದೂ ಅಲ್ಲದೆ ಅದು ಮೇ ತಿಂಗಳ ಕಾಗದ. ವ್ಯಾಖ್ಯೆ ಕೇಳುವುದು ಮೂರು ತಿಂಗಳ ನಂತರದ ಸ್ಥಿತಿ.

ನೀವು ಮಾಡಿಸಬೇಕಾದ್ದು ಬೆರಳಿನ ಪರೀಕ್ಷೆ. ಒಂಬತ್ತು ತೂತಿನ ಹಲಗೆ ಇರುತ್ತದೆ. ಒಂಬತ್ತು ಕಡ್ಡಿಗಳನ್ನು ಒಂದೊಂದಾಗಿ ಚುಚ್ಚಿ, ಒಂದೊಂದಾಗಿ ತೆಗೆಯಬೇಕು. ಸರಿ ಇರುವ ಕೈಗೆ ಸುಮಾರು 20 ಸೆಕೆಂಡ್. ಎರಡೂ ಕೈಯ ಸಮಯ ಬರೆಸಿ. ಹಿಡಿತದ ಬಲ ಕಿಲೋದಲ್ಲಿ, ಬೆರಳ ತುದಿಯ ಸ್ಪರ್ಶ ಎಷ್ಟಿದೆ, ಇವನ್ನೂ ಬರೆಸಿ. ಆಮೇಲೆ ನ್ಯೂರಾಲಜಿಸ್ಟ್ ಇದನ್ನು ನೋಡಿ "ಸ್ಟ್ರೋಕ್ ಆಗಿ ಆರು ತಿಂಗಳ ಮೇಲೂ ಈ ದೋಷ ಉಳಿದಿದೆ, ಶಾಶ್ವತ" ಎಂದು ಸ್ಪಷ್ಟ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದು ಕೊಡಬೇಕು. "ಬಲಗೈ ದುರ್ಬಲ" ಅಂತ ಒಂದು ಸಾಲು ಬರೆದರೆ ಪ್ರಯೋಜನ ಇಲ್ಲ. ಏನು ಆಗುವುದಿಲ್ಲ ಎನ್ನುವುದು ಬರಬೇಕು.

ಅಂಕೋಲೆ ಮಾಸ್ತರ (ನವೆಂಬರ್ 10)

ಫಿಸಿಯೋ ತಂಗಿ ಹೇಳಿದ್ದು ಬಂಗಾರ. ಜೊತೆಗೆ ಆಸ್ಪತ್ರೆಯಿಂದ ಇಡೀ ಕೇಸ್ ಶೀಟ್ ತೆಗೆಸಿ, ಬರೇ ಡಿಸ್ಚಾರ್ಜ್ ಕಾಗದ ಅಲ್ಲ. ಅರ್ಜಿ ಕೊಟ್ಟರೆ 72 ತಾಸಿನೊಳಗೆ ಕೊಡಬೇಕು ಅಂತ ವೈದ್ಯರ ನಡತೆ ನಿಯಮದಲ್ಲೇ ಇದೆ, ನಿಮ್ಮ ಡಾಕ್ಟ್ರಿಗೆ ಗೊತ್ತಿರುತ್ತದೆ. ನಮ್ಮನೆಯವಳ ಕೇಸಿನಲ್ಲಿ ಸಮ್ಮರಿಯಲ್ಲಿ ಒಂದು, ಒಳಗಿನ ನರ್ಸ್ ಚಾರ್ಟಿನಲ್ಲಿ ಇನ್ನೊಂದು ಇತ್ತು. ಚಾರ್ಟೇ ನಮ್ಮನ್ನು ಕಾಪಾಡಿತು.

ಗುಡ್ಡದ ಮನೆ, ಶಿರಸಿ (ನವೆಂಬರ್ 17)

ಮಾಸ್ತರೇ, ನಿಮಗೆ ದೊಡ್ಡ ನಮಸ್ಕಾರ. ಕೇಸ್ ಶೀಟಿನ ಮೊದಲ ಪುಟದಲ್ಲಿ, ಎಮರ್ಜೆನ್ಸಿಯಲ್ಲಿ ಬರೆದದ್ದು, "ಬಿಪಿ, 1 ವರ್ಷ" ಎಂದೇ ಇದೆ. ಸಮ್ಮರಿ ಟೈಪ್ ಮಾಡುವಾಗ 1 ಹೋಗಿ 5 ಆಗಿದೆ. ಆಸ್ಪತ್ರೆಯವರು ಹಳೇ ಸಮ್ಮರಿ ತಿದ್ದುವುದಿಲ್ಲ ಅಂದರು, ಆದರೆ ತಪ್ಪಾಗಿದೆ ಎಂದು ಬೇರೆ ಪತ್ರ ಸೀಲು ಹಾಕಿ ಕೊಟ್ಟರು.

ಒಂಬತ್ತು ಕಡ್ಡಿ ಪರೀಕ್ಷೆಯೂ ಆಯಿತು. ಎಡಗೈ 22 ಸೆಕೆಂಡ್. ಬಲಗೈ 64. ಎರಡು ಕಡ್ಡಿ ಕೆಳಗೆ ಬಿದ್ದವು. ಬಗ್ಗಿ ಹೆಕ್ಕಲು ಹೋದೆ, "ಬೇಡ" ಅಂದರು, ತಾವೇ ಎಡಗೈಯಲ್ಲಿ ಹೆಕ್ಕಿದರು. ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ.

ಈಗ ಎಲ್ಲಿಗೆ ಹೋಗಬೇಕು ಹೇಳಿ.

ಕಾಳಿ ದಂಡೆ, ಕಾರವಾರ (ನವೆಂಬರ್ 17)

ಮೊದಲ ಮೆಟ್ಟಿಲು ಕಂಪನಿಯ ದೂರು ಅಧಿಕಾರಿ. ಇಮೇಲ್ ಮತ್ತು ಸ್ಪೀಡ್ ಪೋಸ್ಟ್, ಎರಡೂ ಮಾಡಿ. ಸಿಟ್ಟಿನ ಮಾತು ಒಂದೂ ಬೇಡ. ಅವರ ಮೂರು ಕಾರಣ, ನಿಮ್ಮ ಮೂರು ಉತ್ತರ, ಒಂದೊಂದಕ್ಕೆ ಒಂದೊಂದು ಕಾಗದ. 2023ರ ಮೆಡಿಕಲ್ ರಿಪೋರ್ಟಿನ ಪ್ರತಿ, ತನಿಖೆಯವನ ವರದಿಯ ಪ್ರತಿ ಕೇಳಿ. ಬೇಕಾದರೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲಿನಲ್ಲೂ ಹಾಕಿ, 155255ಕ್ಕೆ ಫೋನ್ ಮಾಡಿದರೂ ದಾಖಲಾಗುತ್ತದೆ.

ಅವರು ಒಪ್ಪದಿದ್ದರೆ ಅಥವಾ ಒಂದು ತಿಂಗಳು ಬಾಯಿ ಬಿಡದಿದ್ದರೆ ಎರಡು ದಾರಿ. ವಿಮೆಯ ದೂರುಗಳನ್ನೇ ವಿಚಾರಿಸಿ ತೀರ್ಮಾನ ಹೇಳುವ ವಿಮಾ ಓಂಬುಡ್ಸ್‌ಮನ್, ಇಲ್ಲವೇ ಗ್ರಾಹಕರ ಆಯೋಗ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಓಂಬುಡ್ಸ್‌ಮನ್‌ಗೆ ಹೋಗುತ್ತಿದ್ದೆ, ನನ್ನ ಹೊಟ್ಟೆ ಮೇಲೆ ನಾನೇ ಹೊಡೆದುಕೊಂಡ ಹಾಗೆ ಆದರೂ. ಅಲ್ಲಿ ವಕೀಲರಿಗೆ ಪ್ರವೇಶವೇ ಇಲ್ಲ. ಫೀಸೂ ಇಲ್ಲ. 50 ಲಕ್ಷದವರೆಗಿನ ಕ್ಲೇಮ್ ನೋಡುತ್ತಾರೆ, ನಿಮ್ಮದು 25. ಕಂಪನಿ ಕೊನೆಯದಾಗಿ ಇಲ್ಲ ಎಂದ ಒಂದು ವರ್ಷದೊಳಗೆ ಹೋಗಬೇಕು. ಕರ್ನಾಟಕಕ್ಕೆಲ್ಲ ಕಚೇರಿ ಬೆಂಗಳೂರಿನ ಜೆಪಿ ನಗರದಲ್ಲಿ, ಆದರೆ ದೂರು ಆನ್‌ಲೈನ್ ಕೊಡಬಹುದು. ಆದೇಶ ನಿಮ್ಮ ಪರ ಬಂದರೆ ಕಂಪನಿ 30 ದಿನದಲ್ಲಿ ಪಾಲಿಸಬೇಕು. ವಿರುದ್ಧ ಬಂದರೆ ನೀವು ಗ್ರಾಹಕರ ಆಯೋಗಕ್ಕೆ ಹೋಗಬಹುದು. ತಿರುಗಿಸಿ ಮಾಡಲು ಆಗುವುದಿಲ್ಲ. ಆಯೋಗದಲ್ಲಿ ಕೇಸ್ ಇದ್ದರೆ ಓಂಬುಡ್ಸ್‌ಮನ್ ಮುಟ್ಟುವುದಿಲ್ಲ.

ಆಯೋಗಕ್ಕೆ ಎರಡು ವರ್ಷ ಸಮಯ ಇದೆ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಅಂದರೆ ಕಾರವಾರ. ಜಿಲ್ಲೆ, ರಾಜ್ಯ, ರಾಷ್ಟ್ರ, ಇವುಗಳಲ್ಲಿ ಯಾವ ಆಯೋಗ ಎನ್ನುವುದನ್ನು ಕ್ಲೇಮಿನ ಮೊತ್ತ ನೋಡಿ ತೀರ್ಮಾನಿಸುವುದಿಲ್ಲ, ಕಟ್ಟಿದ ಪ್ರೀಮಿಯಂ ನೋಡುತ್ತಾರೆ. ಆ ಪ್ರೀಮಿಯಂ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. ಅಲ್ಲಿಗೆ ಬಂದರೆ ವಕೀಲರನ್ನು ಇಟ್ಟುಕೊಳ್ಳಿ. ಕಡ್ಡಾಯ ಅಲ್ಲ, ಆದರೆ ಕಂಪನಿಯ ಕಡೆ ಒಬ್ಬ ಪಳಗಿದ ವಕೀಲ ಖಂಡಿತ ಇರುತ್ತಾನೆ.

ಖರ್ಚಿನ ಚಿಂತೆ ಇದ್ದರೆ ಶಿರಸಿ ಕೋರ್ಟಿನಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ ಮತ್ತು ಅಂಗವಿಕಲರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಡಾಕ್ಟರ್ ಮನೆಯವರು ಹೇಗೆ ಹೋಗುವುದು ಅಂತ ಸಂಕೋಚ ಬೇಡ. 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ.

ಬ್ಯಾಂಕ್ ಸಾಲದ ವಿಮೆಗೆ ಇವತ್ತೇ ಅರ್ಜಿ ಹಾಕಿ. ತಡ ಆಯಿತು ಎಂದರೆ, ನಿಜವಾದ ಕ್ಲೇಮನ್ನು ತಡದ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ತಳ್ಳಬಾರದು ಎಂದು 2011ರಲ್ಲೇ ಪ್ರಾಧಿಕಾರ ಸುತ್ತೋಲೆ ಕಳಿಸಿದೆ ಎಂದು ಬರೆಯಿರಿ.

ಡಲ್ಲಾಸ್ ಭಾವ (ನವೆಂಬರ್ 18)

ನಾನು ಸಿದ್ದಾಪುರದ ಕಡೆಯವನು, ಅಮೆರಿಕದಲ್ಲಿ 18 ವರ್ಷ. ಇಲ್ಲಿ ಡಾಕ್ಟರುಗಳು "ಸ್ವಂತ ವೃತ್ತಿ" ಅಂತಲೇ ಡಿಸೆಬಿಲಿಟಿ ವಿಮೆ ಮಾಡಿಸುತ್ತಾರೆ. ಸರ್ಜನ್‌ಗೆ ಸರ್ಜರಿ ಆಗದಿದ್ದರೆ ತಿಂಗಳು ತಿಂಗಳು ಹಣ ಬರುತ್ತದೆ, ಪಾಠ ಹೇಳಿ ಸಂಪಾದಿಸಿದರೂ. ಆದರೆ ಆಸ್ಪತ್ರೆಯ ಮೂಲಕ ಸಿಗುವ ಗ್ರೂಪ್ ಪಾಲಿಸಿಗೆ ಸಾಮಾನ್ಯವಾಗಿ 1974ರ ಎರಿಸಾ ಎನ್ನುವ, ನೌಕರರ ಸೌಲಭ್ಯಗಳ ಕಾನೂನು ಬರುತ್ತದೆ. ರಿಜೆಕ್ಟ್ ಆದರೆ 180 ದಿನದಲ್ಲಿ ಕಂಪನಿಗೇ ಅಪೀಲು. ಆಗ ಕೊಡದ ಕಾಗದವನ್ನು ಮುಂದೆ ಕೋರ್ಟು ಸಾಮಾನ್ಯವಾಗಿ ನೋಡುವುದಿಲ್ಲ. ಇಲ್ಲಿ ವಕೀಲರು ಪರ್ಸೆಂಟ್ ಮೇಲೆ ಕೆಲಸ ಮಾಡುವುದು ಮಾಮೂಲು. ಆ ಫೋನ್ ಮಾಡುವವನು ಇದನ್ನೇ ನೋಡಿ ಕಲಿತಿರಬೇಕು.

ಹಳೇ ಏಜೆಂಟ್, ಕುಮಟಾ (ನವೆಂಬರ್ 18)

ಭಾವಾ, ಅಂಥ ಪಾಲಿಸಿ ಮಾರಲು ನನಗೆ ಒಂದು ಸಿಕ್ಕಿದ್ದರೆ ಕುಮಟೆಯ ಡಾಕ್ಟರುಗಳೆಲ್ಲ ನನ್ನ ಗಿರಾಕಿ ಆಗುತ್ತಿದ್ದರು. ಕಾಯಿಲೆಯಿಂದ ದುಡಿಮೆ ನಿಂತರೆ ತಿಂಗಳ ಹಣ ಕೊಡುವ ವಿಮೆ ನನ್ನ ಚೀಲದಲ್ಲಿ ಯಾವತ್ತೂ ಇರಲಿಲ್ಲ.

ಜೋಯ್ಡಾ ಪಿಎಚ್‌ಸಿ (ನವೆಂಬರ್ 19)

ನಾನು ಸರ್ಕಾರಿ ಡಾಕ್ಟರ್, ಇದೆಲ್ಲ ಓದಿ ಹೆದರಿಕೆ ಆಯಿತು. ನಮಗೆ ಹೀಗಾದರೆ ಕೆಲಸ ಹೋಗುತ್ತದಾ?

ಕಾಳಿ ದಂಡೆ, ಕಾರವಾರ (ನವೆಂಬರ್ 19)

ಇಲ್ಲ ಡಾಕ್ಟ್ರೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಓದಿ. ಕೆಲಸದಲ್ಲಿರುವಾಗ ಅಂಗವೈಕಲ್ಯ ಬಂದರೆ ತೆಗೆಯುವ ಹಾಗಿಲ್ಲ, ದರ್ಜೆ ಇಳಿಸುವ ಹಾಗಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದಲ್ಲಿ ಬೇರೆ ಹುದ್ದೆ ಕೊಡಬೇಕು. ಗುಡ್ಡದ ಮನೆಯವರಂಥ ಸ್ವಂತ ಕ್ಲಿನಿಕ್ಕಿನವರಿಗೆ ಆ ನೆರಳಿಲ್ಲ.

ಗುಡ್ಡದ ಮನೆ, ಶಿರಸಿ (ಫೆಬ್ರವರಿ 21)

ಬಹಳ ದಿನ ಆಯಿತು, ಮಾಹಿತಿ ಹಾಕುತ್ತೇನೆ ಅಂದಿದ್ದೆ.

ಬ್ಯಾಂಕಿನ ಸಾಲದ ವಿಮೆ ಜನವರಿಯಲ್ಲಿ ಮಂಜೂರಾಯಿತು. ಮಶೀನಿನ ಸಾಲ ಮುಗಿಯಿತು. ಏಜೆಂಟ್ ಅಣ್ಣಾ, ಈ ಸಲ ಹಲಸಿನ ಹಪ್ಪಳ ಮಾಡಿದಾಗ ಕುಮಟೆಗೆ ಒಂದು ಡಬ್ಬಿ ಬರುತ್ತದೆ.

ದೊಡ್ಡ ಪಾಲಿಸಿಯ ಕಂಪನಿ ಬಿಪಿ ಮಾತು ಕೈಬಿಟ್ಟಿತು. 2023ರ ರಿಪೋರ್ಟಿನಲ್ಲಿ ಬಿಪಿ 126/82 ಎಂದು ಅವರದೇ ಕಾಗದದಲ್ಲಿತ್ತು. ಆದರೆ "ಶಾಶ್ವತ ಅಲ್ಲ" ಎನ್ನುವುದನ್ನು ಬಿಡಲಿಲ್ಲ. ಓಂಬುಡ್ಸ್‌ಮನ್‌ಗೆ ಹಾಕಿದೆವು. ಮೊನ್ನೆ ವಿಡಿಯೋದಲ್ಲಿ ವಿಚಾರಣೆ ಆಯಿತು. ಕರೆಂಟ್ ಹೋಗುತ್ತದೆ ಅಂತ ಹೆದರಿ ತಮ್ಮನ ಅಂಗಡಿಯಲ್ಲಿ ಇನ್ವರ್ಟರ್ ಇರುವ ಕಡೆ ಕೂತೆವು. ಕಾಲು ಗಂಟೆ ಅಷ್ಟೇ. ಕಂಪನಿಯವರು ಮತ್ತೆ ಅದೇ ಬೋರ್ಡಿನ ಫೋಟೋ ತೋರಿಸಿದರು. ಕೆಲಸ ಮಾಡಬಾರದು ಅಂತ ಪಾಲಿಸಿಯ ಯಾವ ಪುಟದಲ್ಲಿದೆ ಎಂದು ಓಂಬುಡ್ಸ್‌ಮನ್ ಕೇಳಿದರು. ಕಂಪನಿಯವರು ಪುಟ ತಿರುಗಿಸುತ್ತಲೇ ಇದ್ದರು. ಆಮೇಲೆ ಓಂಬುಡ್ಸ್‌ಮನ್ ನಮ್ಮವರನ್ನು ಕೇಳಿದರು, "ಡಾಕ್ಟರೇ, ನೀವೇ ಹೇಳಿ, ಏನು ಆಗುವುದಿಲ್ಲ?" ಇಷ್ಟು ತಿಂಗಳಲ್ಲಿ ಅವರು ಯಾರೆದುರೂ ಅದನ್ನು ಹೇಳಿರಲಿಲ್ಲ. "ಗಂಟು ಹಾಕಲು ಆಗುವುದಿಲ್ಲ" ಅಂದರು.

ಆದೇಶ ಇನ್ನೂ ಬಂದಿಲ್ಲ. ಬಂದ ಮೇಲೆ ಬರೆಯುತ್ತೇನೆ.

ಯಲ್ಲಾಪುರದವರೇ, ನಿಮಗೂ ಒಂದು ಸುದ್ದಿ. ನಿನ್ನೆ ಪೇಂಟರ್ ಕರೆಸಿ ಬೋರ್ಡ್ ಬದಲಾಯಿಸಿದೆವು. ಇವರೇ ಕರೆಸಿದ್ದು. ಸೋಮ, ಬುಧ, ಶುಕ್ರ, 10ರಿಂದ 12. ಪೇಂಟರ್ ಕೆಳಗಿನ "ಶಸ್ತ್ರಚಿಕಿತ್ಸೆ ಸೌಲಭ್ಯವಿದೆ" ಎನ್ನುವ ಸಾಲಿನ ಹತ್ತಿರ ಬ್ರಷ್ ಹಿಡಿದು "ಇದನ್ನೂ ಅಳಿಸಲಾ ಸಾರ್?" ಅಂತ ಕೇಳಿದ. ಹೂಂ ಅಂದರು. ಮೇಲಿನ ಸರ್ಜನ್ ಡಿಗ್ರಿ "ಎಂಎಸ್" ಮುಟ್ಟಬೇಡ ಅಂದರು.

ಫಿಸಿಯೋ, ಹೊನ್ನಾವರ (ಫೆಬ್ರವರಿ 21)

ಅಕ್ಕಾ, ಬೇಜಾರಿಲ್ಲದಿದ್ದರೆ ಒಂದು ಮಾತು. ದಾರದ ಅಭ್ಯಾಸ ಬಿಡಿಸಬೇಡಿ. ದಪ್ಪ ದಾರ ಕೊಡಿ, ಸಣಬಿನದು. ಅದರಿಂದ ಶುರು ಮಾಡಲಿ.